ಕೇಸ್ ಶೀಟಿನಲ್ಲಿ ಈ ಬಾರಿ ನಿಮ್ಮ ಹೆಸರು

ನಾನು ಶರೀರಕ್ರಿಯಾಶಾಸ್ತ್ರದ ಮೇಷ್ಟ್ರು. ವೈದ್ಯಕೀಯ ವಿದ್ಯಾರ್ಥಿಗಳಿಗೆ ನನ್ನದೊಂದೇ ತಾಕೀತು: ರೋಗಿಯ ನಿದ್ದೆ, ಹಸಿವು, ಅಭ್ಯಾಸಗಳನ್ನು ಕೇಳಿ ಬರೆದುಕೊಳ್ಳುತ್ತೀರಲ್ಲ, ತಿಂಗಳಿಗೊಮ್ಮೆ ಆ ಹಾಳೆಯನ್ನು ನಿಮ್ಮ ಹೆಸರಿನಲ್ಲೇ ತುಂಬಿ. ಮೌಖಿಕ ಪರೀಕ್ಷೆಯಲ್ಲಿ ಇನ್ಸುಲಿನ್ ಬಗ್ಗೆ ಸೊಗಸಾಗಿ ಉತ್ತರಿಸುತ್ತಿದ್ದ ಹುಡುಗಿಯೊಬ್ಬಳ ಬೆರಳು ನಡುಗುತ್ತಿದ್ದವು. ಎಲ್ಲರೂ ಹೆದರಿಕೆ ಎಂದುಕೊಂಡರು. ಹಿಂದಿನ ರಾತ್ರಿಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಮೊದಲು ನಿದ್ದೆಯನ್ನು ಬರೆಯಿರಿ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು. ಪರೀಕ್ಷೆ ಬಂತೆಂದರೆ ಕತ್ತರಿ ಬೀಳುವುದು ಇದಕ್ಕೇ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ದೆ ಬೇಕೆಂಬುದನ್ನು ಓದುವುದೂ ನಿದ್ದೆಗೆಟ್ಟೇ! ಕಾಫಿಯನ್ನೂ ಔಷಧದಂತೆ ಲೆಕ್ಕ ಹಾಕಿ. ಕೆಫೀನಿನ ಅರ್ಧಾಯು ಸುಮಾರು 5 ಗಂಟೆ. ಸಂಜೆ 6ಕ್ಕೆ ಕುಡಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ರಾತ್ರಿ 11ಕ್ಕೂ ಮೈಯಲ್ಲೇ ಇರುತ್ತದೆ. ವ್ಯಾಯಾಮ ವಾರಕ್ಕೆ 150 ನಿಮಿಷ. ಬಿರುಸಾದ ನಡಿಗೆ ಸಾಕು.

ಬದುಕಿನ ಬಗೆಗಿನ ತೃಪ್ತಿಯನ್ನು ಅಳೆಯಲು ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಮಾಪಕವಿದೆ. ಐದು ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 7 ಅಂಕ. ಒಟ್ಟು 20 ಬಂದರೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಪರೀಕ್ಷೆಯ ವಾರದಲ್ಲಿ ತುಂಬಬೇಡಿ, ರಜೆಯಲ್ಲೂ ಬೇಡ. ಒಟ್ಟು ಅಂಕಕ್ಕಿಂತ ಯಾವ ಹೇಳಿಕೆಗೆ ತೀರಾ ಕಡಿಮೆ ಕೊಟ್ಟಿರಿ ಎಂದು ನೋಡುವುದು ನನ್ನ ಪದ್ಧತಿ.

ಮನಸ್ಸಿನ ವಿಷಯಕ್ಕೆ ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಪ್ರಶ್ನಾವಳಿ. ಕಳೆದ ಎರಡು ವಾರಗಳನ್ನು ನೆನೆದು ಉತ್ತರಿಸಿ. ಒಟ್ಟು ಅಂಕ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಿ. ಒಂಬತ್ತನೆಯದು ಸಾವಿನ, ಸ್ವಹಾನಿಯ ಯೋಚನೆಯ ಪ್ರಶ್ನೆ. ಅದಕ್ಕೆ ಸೊನ್ನೆಯಲ್ಲದ ಉತ್ತರ ಬಂದರೆ ಒಟ್ಟು ಎಷ್ಟಾದರೂ ಇರಲಿ, ಅಂದೇ ಒಬ್ಬರ ಬಳಿ ಬಾಯಿಬಿಡಿ, ಒಬ್ಬರೇ ಇರಬೇಡಿ.

2016ರಲ್ಲಿ ಅಮೆರಿಕದ ವೈದ್ಯಕೀಯ ಸಂಶೋಧನಾ ಪತ್ರಿಕೆ ಜಾಮಾ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯನ್ನು ಪ್ರಕಟಿಸಿತು. ಅದರಂತೆ ಶೇ. 27.2 ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಅಂಥವರಲ್ಲಿ ಚಿಕಿತ್ಸೆಗೆ ಹೋದವರು ಶೇ. 15.7 ಮಾತ್ರ. ಮೇಷ್ಟ್ರಿಗೆ ಗೊತ್ತಾದರೆ ಎಂಬ ಅಂಜಿಕೆ ಎಷ್ಟು ಜನರನ್ನು ತಡೆಯುತ್ತದೆಂದು ನಾನು ಬಲ್ಲೆ. ಆದ್ದರಿಂದ ನಿಮಗೆ ಎಂದೂ ಅಂಕ ಕೊಡದ ವೈದ್ಯರನ್ನೇ ಆರಿಸಿಕೊಳ್ಳಿ. ಗೆಳೆಯರ ಬಳಿಯ ಮಾತ್ರೆ ಬೇಡ. ಹೀಗೆ ನಿಮ್ಮನ್ನು ನೀವು ನೋಡಿಕೊಳ್ಳುವುದು ಸ್ವಾರ್ಥವೆಂದು ಯಾರಾದರೂ ಮೂಗು ಮುರಿದರೆ ವೈದ್ಯರ ಪ್ರತಿಜ್ಞೆಯಾದ ಜಿನೀವಾ ಘೋಷಣೆ ತೋರಿಸಿ. ವೈದ್ಯರು ತಮ್ಮ ಆರೋಗ್ಯವನ್ನೂ ನೋಡಿಕೊಳ್ಳಬೇಕೆಂಬ ಮಾತು 2017ರಲ್ಲಿ ಅದರೊಳಗೆ ಸೇರಿದೆ. ವೈದ್ಯರೆದುರು ಕುಳಿತಾಗ ರೋಗದ ಹೆಸರನ್ನು ನೀವೇ ಹೇಳಲು ಹೋಗಬೇಡಿ. ಲಕ್ಷಣಗಳನ್ನು ಹೇಳಿ, ತುಂಬಿದ ಹಾಳೆಯನ್ನು ಮುಂದಿಡಿ.