ಹಂಗೇರಿಯನ್ ಫ್ಯಾಂಟಸಿ, ಆರೇ ಜನರಲ್ಲಿ: ನನ್ನ ಅನುಭವ

ವಾದ್ಯವೃಂದ ನಡೆಸುವ ಕಂಡಕ್ಟರ್ ಬೇಡ, ಹಿತ್ತಾಳೆಯ ಟ್ರಂಬೋನ್ ಬೇಡ, ಟಿಂಪನಿ ನಗಾರಿಯೂ ಬೇಡ. ಹಂಗೇರಿಯ ಸಂಯೋಜಕ ಲಿಸ್ಟ್‌ನ ಹಂಗೇರಿಯನ್ ಫ್ಯಾಂಟಸಿಯನ್ನು ಆರು ಜನ ಸೇರಿ ನುಡಿಸಬಹುದು. ಬುಡಾಪೆಸ್ಟ್‌ನಲ್ಲಿ ಈ ಮಾತು ಹೇಳಿದಾಗ ನಕ್ಕವರೇ ಜಾಸ್ತಿ. ಪರಿಚಯದ ಕಂಡಕ್ಟರ್ ಒಬ್ಬರು "ಹೋಟೆಲ್ ಸಂಗೀತ ಆಗುತ್ತೆ, ನೋಡ್ತಿರಿ" ಅಂದಿದ್ದರು. ಈಗ ಎರಡು ಕಡೆ ನುಡಿಸಿ ಆಗಿದೆ. ಎರಡನೆಯದಕ್ಕೆ ಅವರೇ ಟಿಕೆಟ್ ಕೇಳಿದರು. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ನಾನು ಇಲ್ಲಿ ನೃತ್ಯದ ತರಗತಿಗಳಿಗೆ ಪಿಯಾನೊ ನುಡಿಸಿ ಬದುಕುವವನು. ಇಡೀ ಆರ್ಕೆಸ್ಟ್ರಾ ಬಾಡಿಗೆಗೆ ಹಿಡಿಯುವ ದುಡ್ಡು ಈ ಜನ್ಮದಲ್ಲಿ ಆಗುವುದಿಲ್ಲ. ಆದರೆ ದುಡ್ಡೊಂದೇ ಕಾರಣವಲ್ಲ. ಬರೀ ಪಿಯಾನೊಗೆ ಬರೆದ ತನ್ನ ಹದಿನಾಲ್ಕನೇ ಹಂಗೇರಿಯನ್ ರಾಪ್ಸಡಿಯ ಸರಕನ್ನೇ ಲಿಸ್ಟ್ ಇಲ್ಲಿ ಪಿಯಾನೊ ಮತ್ತು ಆರ್ಕೆಸ್ಟ್ರಾಕ್ಕೆ ಹೊಂದಿಸಿದ್ದಾನೆ. 1853ರಲ್ಲಿ ಪೆಸ್ಟ್‌ನಲ್ಲೇ (ಇಂದಿನ ಬುಡಾಪೆಸ್ಟ್‌ನ ಭಾಗ) ಹಾನ್ಸ್ ಫಾನ್ ಬ್ಯೂಲೊ ಅದನ್ನು ಮೊದಲು ನುಡಿಸಿದ, ಎರ್ಕೆಲ್ ಕಂಡಕ್ಟರ್. ಅದರೊಳಗಿನ ನಡೆ, ಕೊಂಕು, ತಿರುವು ಎಲ್ಲ ರೋಮಾ (ಜಿಪ್ಸಿ) ಬ್ಯಾಂಡುಗಳದ್ದು. ಅವರಿಂದ ಬಂದಿದ್ದನ್ನು ಅವರ ವಾದ್ಯಗಳಿಗೇ ವಾಪಸ್ ಕೊಟ್ಟರೆ ಏನು ತಪ್ಪು? ಮುಂದಾಳು ಪಿಟೀಲು (ಇಲ್ಲಿ ಪ್ರೀಮಾಶ್ ಅನ್ನುತ್ತಾರೆ), ಕೊಂತ್ರ (ಹಿನ್ನೆಲೆಯ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳು) ಹಿಡಿಯಲು ಪಿಟೀಲಿಗಿಂತ ತುಸು ದೊಡ್ಡ ಒಂದು ವಿಯೋಲ, ಬಾಸ್, ಕ್ಲಾರಿನೆಟ್, ಕೋಲಿನಿಂದ ಬಡಿದು ನುಡಿಸುವ ತಂತಿವಾದ್ಯ ಸಿಂಬಲೊಮ್, ಜೊತೆಗೆ ಪಿಯಾನೊದಲ್ಲಿ ನಾನು. ಅಷ್ಟೇ ಲೆಕ್ಕ.

ಮೊದಲ ಸುತ್ತು ಪೂರ್ತಿ ಕೆಟ್ಟಿತು. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಅವರವರ ಪಾರ್ಟ್ (ಸ್ವರ ಬರೆದ ಹಾಳೆ) ಹಂಚಿದರೆ ಪಿಯಾನೊ ಒಂದು ಕಡೆ, ಪಿಟೀಲು ಒಂದು ಕಡೆ. ನಿಧಾನದ ಭಾಗದಲ್ಲಿ ನಾನು ಎಳೆದಲ್ಲೆಲ್ಲ ಪ್ರೀಮಾಶ್ ಇನ್ನೊಂದು ಕಡೆ ಎಳೆಯುತ್ತಿದ್ದರು. ಅವರೂ ಅರವತ್ತು ದಾಟಿದವರು, ಜೀವನವಿಡೀ ಬ್ಯಾಂಡ್ ನಡೆಸಿದವರು. ನನ್ನ ಕೈ ನೋಡಿಕೊಂಡು ಯಾಕೆ ನುಡಿಸುತ್ತಾರೆ?

ಹಾಗಾಗಿ ರಾಗ ನುಡಿಸುವವರನ್ನೆಲ್ಲ ಮನೆಗೆ ಕಳಿಸಿದೆ. ಎರಡು ತಿಂಗಳ ಹತ್ತಿರ ಬರೀ ಕೊಂತ್ರ ಮತ್ತು ಬಾಸ್ ಜೊತೆ ಕೂತೆ. ಕೇಳಿದವರಿಗೆಲ್ಲ ಇದು ಹುಚ್ಚು ಅನ್ನಿಸಿತು. ಕೊಂತ್ರದವನಿಗೆ ಒಂದು ಸಾಲು ಸೋಲೊ ಕೂಡ ಇಲ್ಲ, ಅವನಿಗೆ ಇಷ್ಟು ದುಡ್ಡು ಸುರಿಯುತ್ತೀಯಾ ಅಂದರು. ಆದರೆ ಈ ಸಂಗೀತದ ಜೀವ ಇರುವುದೇ ಅಲ್ಲಿ. ವೇಗದ ಭಾಗದಲ್ಲಿ ಎಸ್ತಮ್ ಎಂಬ ಹಿನ್ನೆಲೆಯ ನಡೆ: ಬಾಸ್ ತಾಳದ ಮೇಲೆ, ಕೊಂತ್ರ ತಾಳದ ನಡುವೆ. ನಿಧಾನದಲ್ಲಿ ದ್ಯುವ್ಯೊ: ಬಿಲ್ಲಿನ ಒಂದೇ ಎಳೆತದಲ್ಲಿ ಎರಡು ಸ್ವರ, ಒತ್ತು ಎರಡನೆಯದಕ್ಕೆ. ಈ ಎರಡನೇ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದು ಕಾಗದದಲ್ಲಿ ಇಲ್ಲ. ಅದು ನನ್ನ ಎಡಗೈಗೆ ಇಳಿದ ಮೇಲೆ ಬಲಗೈಯನ್ನು ಎಷ್ಟು ಬೇಕಾದರೂ ಎಳೆಯಬಹುದು, ಯಾರೂ ದಾರಿ ತಪ್ಪುವುದಿಲ್ಲ. ಆಮೇಲೆ ಪ್ರೀಮಾಶ್ ಬಂದರು, ಒಂದು ಗಂಟೆಯಲ್ಲಿ ಕೂಡಿತು.

ಒತ್ತಿನ ವಿಷಯದಲ್ಲಿ ಇನ್ನೊಂದು ಮಾತು. ಹಂಗೇರಿಯನ್ ಮಾತಿನಲ್ಲಿ ಒತ್ತು ಯಾವಾಗಲೂ ಪದದ ಮೊದಲ ಅಕ್ಷರಕ್ಕೆ. ಮುಖ್ಯ ರಾಗದ ಹಾಡು "ಮಗಶನ್ ರೆಪ್ಯುಲ್ ಅ ದರು" (ಎತ್ತರದಲ್ಲಿ ಹಾರುತ್ತದೆ ಕೊಕ್ಕರೆ). ಇದನ್ನು ಬಾಯಲ್ಲಿ ಹೇಳಿಕೊಂಡೇ ನುಡಿಸಿ. ಶುರುವಿನ ಶೋಕದ ನಡಿಗೆಯಲ್ಲೂ ಅದೇ ರಾಗ, ಆಮೇಲೆ ಮೇಜರ್‌ನಲ್ಲಿ (ಹರ್ಷದ ಸ್ಕೇಲಿನಲ್ಲಿ) ಎದೆ ಉಬ್ಬಿಸಿ ಬರುವುದೂ ಅದೇ. ಆ ಎರಡನೆಯದನ್ನು ಜರ್ಮನ್ ಮಾರ್ಚಿನಂತೆ ಬಡಿಯುವುದನ್ನು ದೊಡ್ಡ ದೊಡ್ಡ ರೆಕಾರ್ಡಿಂಗ್‌ಗಳಲ್ಲೂ ಕೇಳಿದ್ದೇನೆ.

ಹಂಗೇರಿಯನ್ ಸ್ಕೇಲ್ ಅಂದ ತಕ್ಷಣ ನಮ್ಮ ಕಡೆಯವರು ಸಿಂಹೇಂದ್ರಮಧ್ಯಮ ಅನ್ನುತ್ತಾರೆ. ಸ್ವರಗಳೇನೋ ಅವೇ, ನಿಜ. ಚಿಕ್ಕಂದಿನಲ್ಲಿ ಪಿಟೀಲು ಕಲಿತಿದ್ದರಿಂದ ನನಗೂ ಆಸೆಯಾಯಿತು. ಕ್ಲಾರಿನೆಟ್‌ನವನಿಗೆ ಒಂದಷ್ಟು ಗಮಕ ಹಾಡಿ ತೋರಿಸಿದೆ. ಅವನು ಚೆನ್ನಾಗಿಯೇ ನುಡಿಸಿದ, ಆದರೆ ಹಂಗೇರಿ ಮಾಯವಾಯಿತು. ಇವರು ಶುದ್ಧ ಮಧ್ಯಮ, ಪ್ರತಿ ಮಧ್ಯಮ ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸುತ್ತಾರೆ. ರಾಗದ ಕಟ್ಟುಪಾಡು ಇಲ್ಲಿ ನಡೆಯಲ್ಲ. ಸುಮ್ನೆ ಬಿಟ್ಟೆ.

ಇನ್ನೊಂದು ಪ್ರಯೋಗ ಸ್ನೇಹಿತನ ಒತ್ತಾಯಕ್ಕೆ. ಹಂಗೇರಿಯ ಸಂಯೋಜಕರಾದ ಬಾರ್ಟೋಕ್, ಕೊಡಾಯ್ ಇಬ್ಬರೂ 1905-06ರಿಂದ ಹಳ್ಳಿ ಸುತ್ತಿ ಹಾಡು ಸಂಗ್ರಹಿಸಿದರಲ್ಲ, ಅದಾದ ಮೇಲೆ ಲಿಸ್ಟ್‌ನದ್ದು ಜಾನಪದವೇ ಅಲ್ಲ, ಪೇಟೆಯ ಬ್ಯಾಂಡ್ ಸಂಗೀತ ಅನ್ನುವ ವಾದ ಇದೆ. ವಾದದಲ್ಲಿ ಹುರುಳಿದೆ. ಹಂಗೇರಿಯನ್ ನೃತ್ಯ ಅಂತ ಜರ್ಮನ್ ಸಂಯೋಜಕ ಬ್ರಾಮ್ಸ್ ಬರೆದ ಐದನೆಯದು, ಬೇಲ ಕೇಲರ್ ಎಂಬ ಸಂಯೋಜಕನ ಚಾರ್ದಾಶ್ (ಕುಣಿತದ ಧಾಟಿ) ಅಲ್ವಾ? ಸ್ನೇಹಿತ ಇಂಥ ವಾದದವನು. ಟ್ರಾನ್ಸಿಲ್ವೇನಿಯದ ಮೂರು ತಂತಿಯ ಕೊಂತ್ರ ತಂದುಕೊಟ್ಟ. ಅದರ ಕುದುರೆ (ತಂತಿ ಹೊರುವ ಪಟ್ಟಿ) ಚಪ್ಪಟೆ, ಮೂರೂ ತಂತಿ ಒಟ್ಟಿಗೆ ನುಡಿಯುತ್ತವೆ. ಸದ್ದು ಅದ್ಭುತ. ಆದರೆ ಆ ಹಳ್ಳಿ ಶೈಲಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೇಜರ್ ಕಾರ್ಡ್. ಲಿಸ್ಟ್‌ನ ಬಿಗಿಯಾದ ಡಿಮಿನಿಶ್ಡ್ ಕಾರ್ಡ್‌ಗಳ ಮೇಲೆ ಹಾಕಿದರೆ ಕಿವಿ ಕಿತ್ತುಬರುತ್ತದೆ. ಮರಳಿ ವಿಯೋಲಕ್ಕೇ ಬಂದೆವು.

ಸಿಂಬಲೊಮ್ ದುಡ್ಡು ತಿನ್ನುವ ವಾದ್ಯ. 1874ರಲ್ಲಿ ಶುಂಡ ಎಂಬಾತ ಇದೇ ಊರಿನಲ್ಲಿ ಪೆಡಲ್, ಕಾಲು ಕೊಟ್ಟು ದೊಡ್ಡದು ಮಾಡಿದ ನಮೂನೆಯೇ ಇಂದಿಗೂ ನಡೆಯುವುದು. ನಮ್ಮ ಸಂತೂರಿನ ದೊಡ್ಡಣ್ಣ. ನೂರಕ್ಕೂ ಜಾಸ್ತಿ ತಂತಿ. ಬಾಡಿಗೆ, ವ್ಯಾನು, ಹೊರುವವರು ಸೇರಿ ಅರವತ್ತು ಸಾವಿರ ಫೋರಿಂಟ್ (ಇಲ್ಲಿನ ನಾಣ್ಯ) ಹೋಯಿತು. ಬಂದ ಮೇಲೆ ನೋಡಿದರೆ ಅದರ ಶ್ರುತಿ 442 ಹರ್ಟ್ಜ್, ಹಾಲ್‌ನ ಪಿಯಾನೊ 440, ಅಂದರೆ ತುಸು ಕೆಳಗೆ. ಅಷ್ಟು ತಂತಿಗಳನ್ನು ಆ ಸಂಜೆ ಇಳಿಸಲು ಯಾರೂ ಒಪ್ಪಲಿಲ್ಲ. ಪಿಯಾನೊವನ್ನೇ ಏರಿಸಿದೆವು, ಟ್ಯೂನರ್‌ಗೆ ಮೂವತ್ತು ಸಾವಿರದ ಮೇಲೆ. ಮೊದಲೇ ಫೋನ್ ಮಾಡಿ ಶ್ರುತಿ ಕೇಳಿಕೊಳ್ಳಿ.

ಇನ್ನೊಂದು ತೊಂದರೆ: ಲಿಸ್ಟ್ ಪಿಯಾನೊದಲ್ಲೇ ಸಿಂಬಲೊಮ್ ಅನುಕರಿಸುತ್ತಾನೆ. ಹನ್ನೊಂದನೇ ರಾಪ್ಸಡಿಯ ಶುರುವಿನಲ್ಲಂತೂ ಹಾಗಂತ ಬರೆದೇ ಇದ್ದಾನೆ. ಅನುಕರಣೆಯ ಪಕ್ಕದಲ್ಲಿ ಅಸಲು ಕೂತರೆ ಎರಡೂ ಕಲಸಿ ಕೆಸರು. ಅಂಥ ಕಡೆಗಳಲ್ಲಿ ಸಿಂಬಲೊಮ್ ಪೂರ್ತಿ ಸುಮ್ಮನಿರಬೇಕು. ಉಳಿದ ಕಡೆ ನಾನು ಪೆಡಲ್ ಅರ್ಧಕ್ಕಿಂತ ಕಡಿಮೆ ಒತ್ತುತ್ತೇನೆ. ಟ್ರಂಬೋನ್‌ಗಳ ಜಾಗ ಹೇಗೆ ತುಂಬಿದೆ ಅಂತ ಎಲ್ಲರೂ ಕೇಳುತ್ತಾರೆ. ಅಕಾರ್ಡಿಯನ್ ಹಾಕಿ ನೋಡಿದೆ, ಜಾತ್ರೆಯಾಯಿತು. ತಾರೊಗಾತೊ (ಇಲ್ಲಿನ ಊದುವ ಮರದ ವಾದ್ಯ) ತಂದರು, ಹಾಲ್ ಅದುರಿತು, ಫೋಟೊ ಮಾತ್ರ ಚೆನ್ನಾಗಿ ಬಂತು. ಕೊನೆಗೆ ಬಾಸ್‌ನ ಬಿಲ್ಲಿಗೂ ಕ್ಲಾರಿನೆಟ್‌ನ ಕೆಳಗಿನ ಸ್ವರಗಳಿಗೂ ಸಂಬಂಧಿಸಿದ ಒಂದು ಉಪಾಯ ಸಿಕ್ಕಿತು. ಅಷ್ಟು ಮಾತ್ರ ಹೇಳುತ್ತೇನೆ.

ಬ್ರಾಮ್ಸ್‌ನ ಎರಡನೇ ಪಿಯಾನೊ ಕಾನ್ಸರ್ಟೊ (ಪಿಯಾನೊ ಮತ್ತು ಆರ್ಕೆಸ್ಟ್ರಾದ ಕೃತಿ) ಕೂಡ 1881ರಲ್ಲಿ ಇದೇ ಬುಡಾಪೆಸ್ಟ್‌ನಲ್ಲಿ ಅವನೇ ಮೊದಲು ನುಡಿಸಿದ್ದು. ಕೊನೆಯ ಭಾಗದಲ್ಲಿ ಟ್ರಂಪೆಟ್, ಟಿಂಪನಿ ಇಲ್ಲವೇ ಇಲ್ಲ. ನಮ್ಮ ಬ್ಯಾಂಡಿಗೆ ಹೇಳಿ ಮಾಡಿಸಿದ ಹಾಗಿದೆ ಅಂದುಕೊಂಡು ಅದರ ಹಂಗೇರಿಯನ್ ವಾಸನೆಯ ರಾಗ ಎತ್ತಿಕೊಂಡೆವು. ಕೂಡಲಿಲ್ಲ. ಬ್ರಾಮ್ಸ್ ಎಲ್ಲವನ್ನೂ ಅಳೆದು ಬರೆದಿದ್ದಾನೆ, ಕೊಂತ್ರದವನಿಗೆ ಉಸಿರಾಡಲು ಜಾಗವಿಲ್ಲ. ಲಿಸ್ಟ್‌ನ ಶಿಷ್ಯೆ, ಪಿಯಾನೊ ವಾದಕಿ ಸೋಫಿ ಮೆಂಟರ್‌ಳ ಹಂಗೇರಿಯನ್ ರಾಗಗಳು, ಅಂದರೆ 1892ರಲ್ಲಿ ರಷ್ಯದ ಸಂಯೋಜಕ ಚೈಕೋವ್‌ಸ್ಕಿ ಆರ್ಕೆಸ್ಟ್ರಾಕ್ಕೆ ಬರೆದುಕೊಟ್ಟದ್ದು, ಅದು ಬಗ್ಗಬಹುದು ಅನ್ನಿಸುತ್ತಿದೆ. ಪಿಯಾನೊ ಪಾರ್ಟ್ ಮಾತ್ರ ಬೆರಳು ಮುರಿಯುವಂಥದ್ದು.

ಲೆಕ್ಕ ನೆನಪಿನಿಂದ: ಹಾಲ್, ರಿಹರ್ಸಲ್, ವಾದಕರು, ಸಿಂಬಲೊಮ್, ಟ್ಯೂನಿಂಗ್ ಸೇರಿ ಆರೂವರೆ ಲಕ್ಷ ಫೋರಿಂಟ್, ರೂಪಾಯಿಯಲ್ಲಿ ಒಂದೂವರೆ ಲಕ್ಷದ ಆಸುಪಾಸು. ಇದರಲ್ಲಿ ಅರ್ಧಕ್ಕೂ ಜಾಸ್ತಿ ಕೊಂತ್ರ ಮತ್ತು ಬಾಸ್‌ನವರಿಗೇ ಹೋಗಿದ್ದು. ಮೊದಲ ಕಾರ್ಯಕ್ರಮದ ಟಿಕೆಟ್‌ನಲ್ಲಿ ಮೂರು ಲಕ್ಷವೂ ಹುಟ್ಟಲಿಲ್ಲ. ಎರಡನೆಯದು ವೈನ್ ಉತ್ಸವದವರು ಕರೆಸಿದ್ದು, ಅವರು ಕೈತುಂಬ ಕೊಟ್ಟರು. ಲಾಭವಿಲ್ಲ, ಸಾಲವೂ ಇಲ್ಲ. ಮೂರನೆಯದಕ್ಕೆ ಮಾತುಕತೆ ನಡೆದಿದೆ, ಈ ಸಲ ನಮ್ಮದೇ ಶ್ರುತಿಯ ಸಿಂಬಲೊಮ್ ಹುಡುಕುತ್ತಿದ್ದೇವೆ. ಪಾರ್ಟ್‌ಗಳು ಬೇಕಾದವರು ಕೇಳಿ, ಕೊಡುತ್ತೇನೆ. ಟ್ರಂಬೋನ್ ಬರುವ ಕಡೆ ಮಾತ್ರ ಸಾಲು ಖಾಲಿ ಇರುತ್ತದೆ.