ಗ್ರಾಮ ಪಂಚಾಯಿತಿ ಚುನಾವಣೆ: ಒಂದು ವಾರ್ಡಿನ ಪ್ರಚಾರ ನಾವು ಮಾಡುವ ಬಗೆ

ಗ್ರಾಮ ಪಂಚಾಯಿತಿಗೆ ನಿಲ್ಲುವವರ ಕೈಯಲ್ಲಿ ಚಿಹ್ನೆ ಸಿಕ್ಕ ಮೇಲೆ ಉಳಿಯುವುದು ಬರೀ ಒಂದು ವಾರ. ಕರ್ನಾಟಕದ 2020ರ ಮೊದಲ ಹಂತದ ವೇಳಾಪಟ್ಟಿ ನೋಡಿ: ಡಿಸೆಂಬರ್ 7ಕ್ಕೆ ಅಧಿಸೂಚನೆ, 11ಕ್ಕೆ ನಾಮಪತ್ರ ಸಲ್ಲಿಕೆಗೆ ಕೊನೆ, 12ಕ್ಕೆ ಪರಿಶೀಲನೆ, 14ಕ್ಕೆ ವಾಪಸ್ ಪಡೆಯಲು ಕೊನೆ, 22ಕ್ಕೆ ಮತದಾನ. ಇಲ್ಲಿ ಪಕ್ಷದ ಗುರುತು ಇರುವುದಿಲ್ಲ. ರಾಜ್ಯ ಚುನಾವಣಾ ಆಯೋಗದ ಪಟ್ಟಿಯಲ್ಲಿರುವ, ಯಾವ ಪಕ್ಷಕ್ಕೂ ಸೇರದ ಮುಕ್ತ ಚಿಹ್ನೆಯೇ ಗತಿ, ಅದು ಕೈಗೆ ಬರುವುದು ವಾಪಸಾತಿಯ ಗಡುವು ಮುಗಿದ ಮೇಲೆ. ಹಾಗಾಗಿ ನಮ್ಮ ಪ್ರಚಾರದ ಮುಕ್ಕಾಲು ಪಾಲು ಕೆಲಸ ಚಿಹ್ನೆ ಬರುವ ಮೊದಲೇ ಮುಗಿದಿರುತ್ತದೆ. ಆಮೇಲಿನ ಏಳು ದಿನ ಇರುವುದು ಎರಡೇ ಕೆಲಸಕ್ಕೆ: ಚಿಹ್ನೆಯನ್ನು ಕಣ್ಣಿಗೆ ಕೂರಿಸುವುದು, ಮುದ್ರೆ ತಪ್ಪದಂತೆ ಕಲಿಸುವುದು.

ಮೊದಲು ಮತದಾರರ ಪಟ್ಟಿ. ತಾಲ್ಲೂಕು ಕಚೇರಿಯಿಂದ ನಮ್ಮ ವಾರ್ಡಿನ ಪಟ್ಟಿ ತಂದು ಜೆರಾಕ್ಸ್ ಮಾಡಿಸಿ, ಅದನ್ನು ಹಾಗೇ ಇಟ್ಟುಕೊಂಡು ಬೀದಿಗೆ ಇಳಿಯುವುದಿಲ್ಲ. ಪಟ್ಟಿಯಲ್ಲಿರುವ ಮನೆ ಸಂಖ್ಯೆಗೂ ಊರಿನ ಬೀದಿಗೂ ತಾಳೆ ಬೀಳುವುದು ಕಡಿಮೆ. ಅಣ್ಣ ತಮ್ಮ ಬೇರೆಯಾಗಿ ಮನೆ ಕಟ್ಟಿಕೊಂಡಿದ್ದರೂ ಹೆಸರು ಹಳೆ ಮನೆಯಲ್ಲೇ ಇರುತ್ತದೆ. ಅದಕ್ಕೇ ಇನ್ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ಬೀದಿವಾರು, ಮನೆವಾರು ಹೊಸದಾಗಿ ಬರೆಯುತ್ತೇವೆ. ಒಂದು ಮನೆಗೆ ಅರ್ಧ ಪುಟ. ಪ್ರತಿ ಹೆಸರಿನ ಎದುರು ಪಟ್ಟಿಯ ಕ್ರಮಸಂಖ್ಯೆ, ಫೋನ್ ನಂಬರ್, ಈಗ ಎಲ್ಲಿದ್ದಾರೆ ಎನ್ನುವುದು. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ತೀರಿಕೊಂಡವರು, ಹೆಸರು ಪಕ್ಕದ ವಾರ್ಡಿಗೆ ಹಾರಿರುವವರು, ಎಲ್ಲ ಇದರಲ್ಲೇ ಗೊತ್ತಾಗುತ್ತದೆ. ಪಕ್ಕದ ವಾರ್ಡಿಗೆ ಹಾರಿದ ಹೆಸರು ದೊಡ್ಡ ಪೆಟ್ಟು. ಒಂದೇ ಮನೆಯ ಐದು ಮತದಲ್ಲಿ ಎರಡು ಬೇರೆ ಕಡೆ ಇದ್ದರೆ ಮತದಾನದ ದಿನ ತಿದ್ದಲಾಗುವುದಿಲ್ಲ. ಕರಡು ಪಟ್ಟಿಗೆ ಆಕ್ಷೇಪಣೆ ಕರೆದಾಗಲೇ ಅರ್ಜಿ ಕೊಡಬೇಕು.

ಕಾನೂನು ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯ ಎನ್ನುತ್ತದೆ. ಮೂರು ಸ್ಥಾನದ ವಾರ್ಡ್ ಎಂದರೆ ಸುಮಾರು 1,200 ಜನ, 840ರ ಆಸುಪಾಸು ಮತದಾರರು, ಮನೆಗೆ ನಾಲ್ಕರಂತೆ 210 ಮನೆ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಮನೆಗೆ ಎಂಟು ನಿಮಿಷದಂತೆ ಹೋದರೆ ಒಂದು ಹೊತ್ತಿಗೆ 15 ಮನೆ. ಏಳು ದಿನಕ್ಕೆ ಹದಿನಾಲ್ಕು ಹೊತ್ತು, ಅಲ್ಲಿಗೆ 210. ಅಂದರೆ ಚಿಹ್ನೆ ಬಂದ ಮೇಲೆ ಅಭ್ಯರ್ಥಿ ಊರು ಸುತ್ತಲು ಸಾಧ್ಯವಿರುವುದು ಒಂದೇ ಸಲ. ಆ ಸುತ್ತು ಪರಿಚಯಕ್ಕೆ ಖರ್ಚಾಗಬಾರದು. ಪರಿಚಯ, ಕುಶಲ, ಹಳೆ ಮುನಿಸು ಕೇಳಿಸಿಕೊಳ್ಳುವುದು ಇವೆಲ್ಲ ಮೊದಲೇ ಆಗಿರಬೇಕು.

ನಾಮಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. 21 ವರ್ಷ ತುಂಬಿರಬೇಕು, ಹೆಸರು ಅದೇ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿರಬೇಕು. ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು ನೀವು ನಿಲ್ಲುವ ವಾರ್ಡಿನ ಮತದಾರರೇ ಆಗಿರಲಿ. 2020ರಲ್ಲಿ ಠೇವಣಿ ಸಾಮಾನ್ಯರಿಗೆ 200 ರೂಪಾಯಿ, ಮಹಿಳೆ, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ 100 ಇತ್ತು. ಮೀಸಲು ಸ್ಥಾನಕ್ಕೆ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಕಡ್ಡಾಯ. ಮೀಸಲಾತಿ ಪಟ್ಟಿ ಬಂದ ಮಾರನೇ ದಿನವೇ ಅರ್ಜಿ ಹಾಕಿಸುತ್ತೇವೆ, ಏಕೆಂದರೆ ಆ ವಾರ ನಾಡಕಚೇರಿಯಲ್ಲಿ ಎಲ್ಲರೂ ಅದಕ್ಕೇ ನಿಂತಿರುತ್ತಾರೆ. ಮನೆಯಲ್ಲಿ ಶೌಚಾಲಯ ಇರಬೇಕೆಂಬ ಷರತ್ತಿದೆ. ಮನೆ ಕಂದಾಯ, ನೀರಿನ ಬಾಕಿ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಪಂಚಾಯಿತಿ ಕಾಮಗಾರಿಯ ಗುತ್ತಿಗೆಯಲ್ಲಿ ಪಾಲಿರುವವರು ಅನರ್ಹರು, ಪರಿಶೀಲನೆಯ ದಿನ ಎದುರಾಳಿ ಹುಡುಕಿ ತರುವುದು ಇದನ್ನೇ. ನಾಮಪತ್ರದಲ್ಲಿ ಖಾಲಿ ಜಾಗ ಬಿಡಬೇಡಿ. ಏನೂ ಇಲ್ಲದ ಕಡೆ ‘ಇಲ್ಲ’ ಎಂದು ಬರೆಯಿರಿ.

ಇನ್ನು ಪ್ರಚಾರಕರಿಗೇ ಸರಿಯಾಗಿ ತಿಳಿಯದ ವಿಷಯ, ಒಂದಕ್ಕಿಂತ ಹೆಚ್ಚು ಸ್ಥಾನವಿರುವ ವಾರ್ಡಿನ ಲೆಕ್ಕ. ಮೂರು ಸ್ಥಾನವಿದ್ದರೆ ಪ್ರತಿ ಮತದಾರನಿಗೂ ಮೂರು ಮತ, ಆದರೆ ಒಬ್ಬ ಅಭ್ಯರ್ಥಿಗೆ ಒಂದೇ. ಮೀಸಲು ಸ್ಥಾನಕ್ಕೂ ಎಲ್ಲ ಜಾತಿಯವರೂ ಮತ ಹಾಕುತ್ತಾರೆ. ಫಲಿತಾಂಶ ತೆಗೆಯುವಾಗ ಮೊದಲು ಮೀಸಲು ಸ್ಥಾನ ತುಂಬುತ್ತಾರೆ, ಆಮೇಲೆ ಉಳಿದವರೆಲ್ಲರಲ್ಲಿ ಹೆಚ್ಚು ಮತ ಪಡೆದವರಿಗೆ ಸಾಮಾನ್ಯ ಸ್ಥಾನ. ಒಂದು ಲೆಕ್ಕ ಹಾಕಿ ನೋಡೋಣ. ಪರಿಶಿಷ್ಟ ಜಾತಿ ಮಹಿಳೆ ಸ್ಥಾನಕ್ಕೆ ಇಬ್ಬರು, 310 ಮತ್ತು 290. ಹಿಂದುಳಿದ ವರ್ಗ ‘ಅ’ ಸ್ಥಾನಕ್ಕೆ ಇಬ್ಬರು, 350 ಮತ್ತು 240. ಸಾಮಾನ್ಯಕ್ಕೆ ಮೂವರು, 280, 260, 190. ಮೀಸಲು ಸ್ಥಾನ 310 ಮತ್ತು 350ಕ್ಕೆ ಹೋಯಿತು. ಸಾಮಾನ್ಯ ಸ್ಥಾನ 280ರವರಿಗೆ ಹೋಗುವುದಿಲ್ಲ, 290 ಪಡೆದ ಪರಿಶಿಷ್ಟ ಜಾತಿಯ ಮಹಿಳೆಗೆ ಹೋಗುತ್ತದೆ. ಸಾಮಾನ್ಯಕ್ಕೆ ನಿಂತವರು ತಮಗೆ ಇಬ್ಬರೇ ಎದುರಾಳಿ ಎಂದುಕೊಂಡಿದ್ದರೆ ಅವರ ಲೆಕ್ಕ ಮೊದಲಿನಿಂದಲೇ ತಪ್ಪು. ಮೀಸಲು ಸ್ಥಾನಕ್ಕೆ ನಿಂತವರೂ ‘ಅದೇ ಸ್ಥಾನದ ಎದುರಾಳಿ ಗೆದ್ದರೆ ನಾನು ಸೋತೆ’ ಎಂದು ಕೈಚೆಲ್ಲಬೇಕಿಲ್ಲ. ನಾಮಪತ್ರ ಕೊಡಲು ಹೋದಾಗಲೇ ಚುನಾವಣಾಧಿಕಾರಿಯ ಬಳಿ ನಿಮ್ಮ ವಾರ್ಡಿಗೆ ಈ ನಿಯಮ ಹೇಗೆ ಅನ್ವಯಿಸುತ್ತದೆ ಎಂದು ಕೇಳಿ ಬರೆದುಕೊಳ್ಳಿ.

ಇದರಿಂದ ಒಂದು ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ: ಮೂವರು ಸೇರಿ ಒಂದು ಗುಂಪಾಗಿ ಹೋಗುವುದೋ, ಒಬ್ಬರೇ ಹೋಗಿ ‘ನಮಗೊಂದು ಮತ ಕೊಡಿ’ ಎನ್ನುವುದೋ. ಗುಂಪಾದರೆ ಮೂರು ಕಡೆಯ ನೆಂಟರು, ಮೂರು ಬೀದಿಯ ಬಲ ಒಂದಾಗುತ್ತದೆ, ಆದರೆ ಮೂರು ಚಿಹ್ನೆ ಕಲಿಸಬೇಕು. ಒಬ್ಬರೇ ಆದರೆ ಗಟ್ಟಿ ಬೆಂಬಲಿಗರು ಉಳಿದ ಎರಡು ಮತ ಯಾರಿಗೋ ಹಾಕಿ ಎದುರಾಳಿಯನ್ನೇ ಮೇಲೆತ್ತುವ ಅಪಾಯವಿದೆ. ಅವರಿಗೆ ಮಾತ್ರ ಒಂದೇ ಮುದ್ರೆ ಒತ್ತಿ ಬರಲು ಹೇಳುತ್ತೇವೆ. ಮೂರು ಸ್ಥಾನಕ್ಕೆ ಒಂದೇ ಮುದ್ರೆ ಒತ್ತಿದರೂ ಮತ ಸಿಂಧು. ನಾಲ್ಕು ಒತ್ತಿದರೆ ಇಡೀ ಮತಪತ್ರ ತಿರಸ್ಕೃತ. ನನ್ನ ಮಟ್ಟಿಗೆ ಗುಂಪೇ ಮೇಲು. ಪಂಚಾಯಿತಿಗೆ ಹೋದ ಮೇಲೆ ಒಂದೇ ವಾರ್ಡಿನ ಮೂವರು ಕಚ್ಚಾಡುತ್ತಿದ್ದರೆ ಬೀದಿಗೆ ಚರಂಡಿ ಬರುವುದಿಲ್ಲ.

ಕರಪತ್ರದ ಕೆಲಸ ಚಿಹ್ನೆ ಸಿಕ್ಕ ಸಂಜೆಯೇ ಎಡವುತ್ತದೆ. ತಾಲ್ಲೂಕಿನ ಅಷ್ಟೂ ಅಭ್ಯರ್ಥಿಗಳು ಇರುವ ಮೂರು ನಾಲ್ಕು ಪ್ರೆಸ್ಸಿಗೆ ಒಟ್ಟಿಗೇ ನುಗ್ಗುತ್ತಾರೆ. ನಾವು ವಾರ ಮೊದಲೇ ಹೆಸರು, ಫೋಟೋ, ಬರಹ ಎಲ್ಲ ಡಿಟಿಪಿ ಮಾಡಿಸಿ, ತಪ್ಪು ತಿದ್ದಿಸಿ, ಚಿಹ್ನೆಯ ಜಾಗ ಖಾಲಿ ಬಿಟ್ಟಿರುತ್ತೇವೆ. ಮುಂಗಡವೂ ಕೊಟ್ಟಿರುತ್ತೇವೆ. ಚಿಹ್ನೆ ತಿಳಿದ ತಕ್ಷಣ ಪ್ರೆಸ್ಸಿಗೆ ಫೋನ್ ಹೋಗುತ್ತದೆ, ರಾತ್ರಿಯೇ ಕರಪತ್ರ ಕೈಗೆ ಬರುತ್ತದೆ. 210 ಮನೆಗೆ 500 ಸಾಕು. ಅರ್ಧ ಹಾಳೆಯಲ್ಲಿ ಚಿಹ್ನೆ ಅಂಗೈಯಷ್ಟು ದೊಡ್ಡದಿರಲಿ, ಹೆಸರು ಅದರ ಕೆಳಗೆ, ಬರಹ ಐದು ಸಾಲು ಮೀರದಿರಲಿ. ಮುದ್ರಕರ ಮತ್ತು ಪ್ರಕಾಶಕರ ಹೆಸರು, ಪ್ರತಿಗಳ ಸಂಖ್ಯೆ ಕೆಳಗೆ ಬರಲೇಬೇಕು. ಪಕ್ಷದ ನಾಯಕರ ಫೋಟೋ, ಬಾವುಟದ ಬಣ್ಣ ಹಾಕಿಸಬೇಡಿ, ಇದು ಪಕ್ಷರಹಿತ ಚುನಾವಣೆ, ದೂರು ಬಂದರೆ ಅಷ್ಟೂ ಪ್ರತಿ ವ್ಯರ್ಥ. ಚಿಹ್ನೆ ಆಯ್ಕೆಗೆ ನಮ್ಮದೊಂದು ನಿಯಮವಿದೆ: ಕಪ್ಪು ಬಿಳುಪಿನಲ್ಲಿ, ಹೆಬ್ಬೆರಳಿನ ಗಾತ್ರದಲ್ಲಿ ನೋಡಿದರೂ ಅಜ್ಜಿಗೆ ಗುರುತು ಸಿಗಬೇಕು. ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರ್ ಥರದ್ದು ಒಳ್ಳೆಯದು. ಒಂದೇ ಚಿಹ್ನೆ ಇಬ್ಬರು ಕೇಳಿದರೆ ಚೀಟಿ ಎತ್ತುತ್ತಾರೆ, ಆದ್ದರಿಂದ ಎರಡನೇ, ಮೂರನೇ ಆಯ್ಕೆಯನ್ನೂ ಯೋಚಿಸಿಯೇ ಬರೆಯಬೇಕು.

ಮಹಿಳಾ ಅಭ್ಯರ್ಥಿಯ ವಿಷಯದಲ್ಲಿ ನಾವು ಹಟ ಹಿಡಿಯುತ್ತೇವೆ. ಕರಪತ್ರದಲ್ಲಿ ಗಂಡನ ಫೋಟೋ ಬೇಡ, ಮನೆ ಮನೆಗೆ ಹೋದಾಗ ಮಾತಾಡುವುದೂ ಅವರೇ. ಇದು ಮರ್ಯಾದೆಯ ಪ್ರಶ್ನೆ, ಜೊತೆಗೆ ಲೆಕ್ಕದ ಪ್ರಶ್ನೆಯೂ ಹೌದು. ಮತಪತ್ರದಲ್ಲಿ ಇರುವುದು ಅವರ ಹೆಸರು. ಊರಿಗೆಲ್ಲ ‘ಇಂಥವರ ಹೆಂಡತಿ’ ಎಂದಷ್ಟೇ ಗೊತ್ತಿದ್ದರೆ ಮತಗಟ್ಟೆಯಲ್ಲಿ ಆ ಹೆಸರು ಯಾರಿಗೂ ಹೊಳೆಯುವುದಿಲ್ಲ. ಸ್ವಸಹಾಯ ಸಂಘದ ಸಭೆಗೆ ಅವರು ಒಬ್ಬರೇ ಹೋಗಿ ಕೂತರೆ ನೂರು ಮೀಟರ್ ಫ್ಲೆಕ್ಸ್ ಕಟ್ಟಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಡಿಸೆಂಬರ್ ಎಂದರೆ ನಮ್ಮ ಬಯಲುಸೀಮೆಯಲ್ಲಿ ರಾಗಿ ಒಕ್ಕಣೆಯ ಕಾಲ. ಹಗಲು ಹೊತ್ತು ಮನೆಗೆ ಹೋದರೆ ಸಿಗುವುದು ಬೀಗ ಇಲ್ಲವೇ ಮಕ್ಕಳು. ಬೆಳಗ್ಗೆ ಆರೂವರೆಗೆ ಹಾಲಿನ ಡೇರಿ ಮುಂದೆ ನಿಂತರೆ ಅರ್ಧ ಊರು ಕ್ಯಾನ್ ಹಿಡಿದು ಅಲ್ಲಿಗೇ ಬರುತ್ತದೆ. ಆದರೆ ಡೇರಿ ಮುಂದೆ ಮತ ಕೇಳುವುದಿಲ್ಲ, ನಮಸ್ಕಾರ ಹೇಳಿ ‘ಸಂಜೆ ಮನೆ ಹತ್ತಿರ ಬರ್ತೀನಿ ಅಣ್ಣ’ ಎಂದಷ್ಟೇ. ನಾಲ್ಕು ಜನರ ಮುಂದೆ ಮತ ಕೇಳಿದರೆ ಅವರು ‘ಆಗಲಿ’ ಎನ್ನದೆ ಬೇರೆ ದಾರಿ ಇರುವುದಿಲ್ಲ, ಆ ‘ಆಗಲಿ’ ಲೆಕ್ಕಕ್ಕೆ ಬಾರದು. ಕೇರಿಗೂ ಹಟ್ಟಿಗೂ ಮೊದಲ ದಿನವೇ ಹೋಗಬೇಕು, ಕೊನೆಗೆ ಹೋದರೆ ಕೊನೆಗೆ ಬಂದವರೆಂದೇ ಅವರು ನೆನಪಿಟ್ಟುಕೊಳ್ಳುತ್ತಾರೆ. ಮನೆಗೆ ಮೂವರಿಗಿಂತ ಹೆಚ್ಚು ಜನ ಹೋಗಬಾರದು. ಆ ಬೀದಿಯವರೇ ಒಬ್ಬರು ಜೊತೆಗಿರಲಿ.

ಮನೆಯವರು ಕೇಳಿದ್ದನ್ನು ಎದುರಿಗೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇವೆ. ಬೀದಿ ದೀಪ, ಚರಂಡಿ, ನಲ್ಲಿ ನೀರು, ಉದ್ಯೋಗ ಖಾತರಿ ಕೆಲಸ, ಮನೆ-ನಿವೇಶನದ ದಾಖಲೆಯಾದ ನಮೂನೆ 9 ಮತ್ತು 11ರ ಖಾತೆ, ಮನೆ ಪಟ್ಟಿಗೆ ಹೆಸರು, ಇವು ಪಂಚಾಯಿತಿಯಲ್ಲಿ ಓಡಾಡಿ ಮಾಡಿಸಬಹುದಾದವು. ರೇಷನ್ ಕಾರ್ಡ್, ಪಿಂಚಣಿ, ಪೋಡಿ (ಜಮೀನು ಅಳೆದು ಪಾಲು ಬೇರೆ ಮಾಡುವುದು) ಇವು ತಾಲ್ಲೂಕು ಕಚೇರಿಯ ಕೆಲಸ, ‘ಅರ್ಜಿ ಹಾಕಿಸಿಕೊಡ್ತೀನಿ’ ಎನ್ನಬಹುದು, ‘ಕೊಡಿಸ್ತೀನಿ’ ಎನ್ನಬಾರದು. ಮನೆ ಮಂಜೂರಿಯ ಭರವಸೆ ಎಲ್ಲಕ್ಕಿಂತ ಅಪಾಯ. ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕಾದ್ದು, ಒಬ್ಬ ಸದಸ್ಯ ಹತ್ತು ಮನೆಗೆ ಮಾತು ಕೊಟ್ಟರೆ ಒಂಬತ್ತು ಮನೆಯ ವೈರ ಖಚಿತ.

ಸ್ಥಾನವನ್ನು ದೇವಸ್ಥಾನದ ಹೆಸರಲ್ಲಿ ಹರಾಜು ಹಾಕುವ ಪದ್ಧತಿ ಕೆಲವು ಊರುಗಳಲ್ಲಿದೆ. ಇದು ಅಪರಾಧವೆಂದು ರಾಜ್ಯ ಚುನಾವಣಾ ಆಯೋಗ 2020ರಲ್ಲೂ ಎಚ್ಚರಿಸಿತ್ತು. ಅವಿರೋಧದ ಮಾತು ಎತ್ತಿದವರಿಗೆ ನಾವು ಹೇಳುವುದಿಷ್ಟೇ: ದುಡ್ಡಿನ ಮಾತಿದ್ದರೆ ನಾಮಪತ್ರ ವಾಪಸ್ ಇಲ್ಲ. ಹೆಂಡ, ಕೋಳಿ, ಸೀರೆ ಹಂಚುವುದರಲ್ಲೂ ನಾವಿಲ್ಲ. ಹಂಚಿದ ಮನೆಗಳು ಎರಡೂ ಕಡೆ ಪಡೆದಿರುತ್ತವೆ. ಅದಕ್ಕೆ ಮಾಡಿದ ಸಾಲ ತೀರಿಸಲು ಗೆದ್ದವರು ಆಮೇಲೆ ಕೈ ಹಾಕುವುದು ಕಾಮಗಾರಿ ಬಿಲ್ಲಿಗೇ.

ಕೊನೆಯ ಮೂರು ದಿನ ಮಾದರಿ ಮತಪತ್ರ ಹಿಡಿದು ಹೋಗುತ್ತೇವೆ. ಅದರ ಬಣ್ಣ, ಅಳತೆ ನಿಜವಾದದ್ದರಂತೆ ಇರಬಾರದು, ನಮ್ಮ ಅಭ್ಯರ್ಥಿಯ ಹೆಸರು, ಚಿಹ್ನೆ ಬಿಟ್ಟು ಉಳಿದ ಸಾಲು ಖಾಲಿ. ಹೆಸರುಗಳು ಕನ್ನಡ ಅಕ್ಷರಮಾಲೆಯ ಕ್ರಮದಲ್ಲಿ ಬರುವುದರಿಂದ ಎಷ್ಟನೇ ಸಾಲು ಎಂದು ತೋರಿಸಬಹುದು. ಕಲಿಸುವುದು ಇಷ್ಟು: ಮತಗಟ್ಟೆಯವರು ಕೊಟ್ಟ ಬಾಣದ ಗುರುತಿನ ಮೊಹರನ್ನೇ ಒತ್ತಿ, ಪೆನ್ನಿನ ಗೆರೆ, ಹೆಬ್ಬೆಟ್ಟು ಬೇಡ. ಚಿಹ್ನೆಯ ಮೇಲೆ ಅಥವಾ ಅದೇ ಚೌಕದೊಳಗೆ ಒತ್ತಿ, ಎರಡು ಹೆಸರಿನ ನಡುವಿನ ಗೆರೆ ಮೇಲೆ ಬಿದ್ದರೆ ಮತ ಯಾರಿಗೂ ಇಲ್ಲ. ಮೊದಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ. ಮಡಚಿದಾಗ ಶಾಯಿ ಇನ್ನೊಂದು ಕಡೆ ಅಂಟಿದರೂ ಬಾಣದ ಗುರುತು ತಿರುಗುಮುರುಗಾಗಿ ಮೂಡುವುದರಿಂದ ಮೂಲ ಯಾವುದೆಂದು ಗೊತ್ತಾಗುತ್ತದೆ. ಇದು ಎಣಿಕೆಗೆ ಕೂರುವ ನಮ್ಮ ಏಜೆಂಟರಿಗೂ ಗೊತ್ತಿರಬೇಕು, ಇಲ್ಲದಿದ್ದರೆ ಸಿಂಧುವಾದ ಮತವನ್ನೇ ಬಿಟ್ಟುಕೊಟ್ಟು ಬರುತ್ತಾರೆ.

ಮತದಾನ ಮುಗಿಯುವ 48 ಗಂಟೆ ಮೊದಲು ಮೈಕು, ಸಭೆ ನಿಲ್ಲುತ್ತದೆ. ಊರಾಚೆ ಇರುವವರಿಗೆ ಫೋನ್ ಹೋಗುವುದು ಅದಕ್ಕೂ ನಾಲ್ಕು ದಿನ ಮುಂಚೆ, ರಜೆ ಕೇಳಲು ಅವರಿಗೂ ಸಮಯ ಬೇಕು. ಬಸ್ ಚಾರ್ಜು ಕೊಡುವುದು, ಬಾಡಿಗೆ ಗಾಡಿಯಲ್ಲಿ ಮತಗಟ್ಟೆಗೆ ಕರೆತರುವುದು ಎರಡೂ ಅಪರಾಧ. ಆ ದಿನ ಹಂಚುವ ಚೀಟಿ ಬಿಳಿ ಹಾಳೆಯದ್ದಾಗಿರಲಿ, ಅದರಲ್ಲಿ ಮತದಾರರ ಹೆಸರು, ಕ್ರಮಸಂಖ್ಯೆ ಮಾತ್ರ. ಒಳಗೆ ಕೂರುವ ಏಜೆಂಟ್ ಊರಿನ ಮುಖಗಳನ್ನೆಲ್ಲ ಬಲ್ಲವರಾಗಿರಬೇಕು. ಮಧ್ಯಾಹ್ನ ಎರಡಕ್ಕೆ ನೋಟ್‌ಬುಕ್ ತೆಗೆದು ಯಾವ ಮನೆಯಿಂದ ಯಾರೂ ಬಂದಿಲ್ಲ ಎಂದು ನೋಡುತ್ತೇವೆ. ಐದಕ್ಕೆ ಮುಗಿಯುತ್ತದೆ, ಒಕ್ಕಣೆಯ ಕಣದಲ್ಲಿರುವವರನ್ನು ನಾಲ್ಕೂವರೆಗೆ ಕರೆದರೆ ಕೈಕಾಲು ತೊಳೆದು ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ.

ಎಣಿಕೆ ತಾಲ್ಲೂಕು ಕೇಂದ್ರದಲ್ಲಿ. ಒಂದೊಂದು ಮತಪತ್ರದಲ್ಲಿ ಮೂರು ಮುದ್ರೆ ಇರುವುದರಿಂದ ಕಟ್ಟು ಕಟ್ಟಿ ಎಣಿಸಿದಷ್ಟು ಸುಲಭವಲ್ಲ, ಹೆಸರಿನ ಎದುರು ಗೆರೆ ಹಾಕುತ್ತಾ ಹೋಗುತ್ತಾರೆ. ನಮ್ಮ ಏಜೆಂಟರೂ ಅದೇ ರೀತಿ ಐದೈದು ಗೆರೆಯ ಲೆಕ್ಕ ಇಡಬೇಕು. ತಿರಸ್ಕೃತ ಮತಪತ್ರವನ್ನು ಪಕ್ಕಕ್ಕಿಡುವ ಮೊದಲೇ ಕಾರಣ ಕೇಳಬೇಕು. ಮರುಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಿಸುವ ಮೊದಲು ಕಾರಣ ಬರೆದು ಅರ್ಜಿ ಕೊಡಬೇಕು, ಅದಕ್ಕೆ ಜೇಬಿನಲ್ಲಿ ಬಿಳಿ ಹಾಳೆ, ಪೆನ್ನು ಇರಲಿ. ಮತ ಸಮವಾದರೆ ಚೀಟಿ ಎತ್ತಿ ತೀರ್ಮಾನ. ತಕರಾರು ಉಳಿದಿದ್ದರೆ ಫಲಿತಾಂಶ ಬಂದ 30 ದಿನದೊಳಗೆ ಸಿವಿಲ್ ನ್ಯಾಯಾಧೀಶರ ಮುಂದೆ ಚುನಾವಣಾ ಅರ್ಜಿ ಹಾಕಬಹುದು. ಏಜೆಂಟರ ಗೆರೆ ಲೆಕ್ಕ, ಕೊಟ್ಟ ಅರ್ಜಿಗಳ ಸ್ವೀಕೃತಿ, ಕರಪತ್ರದ ಒಂದು ಪ್ರತಿ ಇವನ್ನೆಲ್ಲ ಅಲ್ಲಿಯವರೆಗೆ ಒಂದೇ ಫೈಲಿನಲ್ಲಿ ಕಟ್ಟಿಡುತ್ತೇವೆ.