ಇ-ಸಿಗರೇಟ್ ಬ್ಯಾಟರಿ ಚಾರ್ಜ್ ಮಾಡುವುದು ಹೇಗೆ? ಎಚ್ಚರವಿದ್ದಾಗ ಮಾತ್ರ, ಕಣ್ಣೆದುರಲ್ಲೇ

ಗೆಳೆಯರೊಬ್ಬರ ಮನೆಯಲ್ಲಿ ಮಂಚದ ಪಕ್ಕದ ಪುಟ್ಟ ಮೇಜಿನ ಮೇಲೆ ಒಂದು ಸುಟ್ಟ ಗುರುತಿದೆ. ನಾಲ್ಕು ಬೆರಳಗಲ ಇರಬಹುದು. ನಡುವೆ ಮರ ಇದ್ದಿಲಾಗಿದೆ, ಅಂಚಿನಲ್ಲಿ ವಾರ್ನಿಷ್ ಗುಳ್ಳೆ ಎದ್ದು ಹಾಗೇ ಗಟ್ಟಿಯಾಗಿದೆ. ಇ-ಸಿಗರೇಟಿನ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಿ ಮಲಗಿದ್ದರಂತೆ. ನಡುರಾತ್ರಿ ನೀರು ಕುಡಿಯಲು ಎದ್ದದ್ದರಿಂದ ವಾಸನೆ ಮೂಗಿಗೆ ಬಡಿಯಿತು, ಮನೆ ಉಳಿಯಿತು. ಮೇಜಿನಿಂದ ದಿಂಬಿಗೆ ಒಂದು ಗೇಣು ದೂರವೂ ಇರಲಿಲ್ಲ.

ಇ-ಸಿಗರೇಟ್ ಆರೋಗ್ಯಕ್ಕೆ ಒಳ್ಳೆಯದಲ್ಲ, ಬಿಡಲು ಆಗುವುದಾದರೆ ಬಿಟ್ಟುಬಿಡಿ. ಆದರೆ ಬೆಂಕಿಗೆ ಸೇದುವವರು ಯಾರು, ಪಕ್ಕದ ಕೋಣೆಯಲ್ಲಿ ಮಲಗಿದವರು ಯಾರು ಎಂಬ ಭೇದ ಇಲ್ಲ. ಹಾಗಾಗಿ ಬಳಸುವವರು ಚಾರ್ಜರ್ ವಿಷಯ ತಿಳಿದಿರಲೇಬೇಕು, ಮನೆಯವರಿಗೂ ಗೊತ್ತಿರಬೇಕು.

ಅಮೆರಿಕದ ಅಗ್ನಿಶಾಮಕ ಆಡಳಿತ ಸಂಸ್ಥೆ 2009ರಿಂದ 2016ರವರೆಗೆ ಆ ದೇಶದ ಮಾಧ್ಯಮಗಳಲ್ಲಿ ವರದಿಯಾದ ಇ-ಸಿಗರೇಟ್ ಬೆಂಕಿ ಮತ್ತು ಸ್ಫೋಟಗಳನ್ನು ಕಲೆಹಾಕಿತ್ತು. ಒಟ್ಟು 195 ಪ್ರಕರಣ. ಅದರಲ್ಲಿ 61 ಜೇಬಿನಲ್ಲೇ ಆದವು, 48 ಚಾರ್ಜ್ ಆಗುತ್ತಿದ್ದಾಗ ಆದವು. ಈ ಎರಡನ್ನೂ ಬಹುಮಟ್ಟಿಗೆ ತಡೆಯುವುದು ನಮ್ಮ ಕೈಯಲ್ಲೇ ಇದೆ.

ಒಳಗೆ ನಡೆಯುವುದೇನು?

ಇದರೊಳಗಿರುವುದು ಲಿಥಿಯಂ ಅಯಾನ್ ಸೆಲ್. ಫೋನು, ಲ್ಯಾಪ್‌ಟಾಪುಗಳಲ್ಲಿ ಇರುವ ಜಾತಿಯೇ. ಧನ ಪದರ, ಋಣ ಪದರ, ಎರಡರ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ, ಸುತ್ತ ಹೊತ್ತಿಕೊಳ್ಳಬಲ್ಲ ದ್ರಾವಣ. ಖಾಲಿಯಾದಾಗ ಸೆಲ್ ಸುಮಾರು 3 ವೋಲ್ಟ್ ತೋರಿಸುತ್ತದೆ, ತುಂಬಿದಾಗ 4.2 ವೋಲ್ಟ್. ಸರಿಯಾದ ಚಾರ್ಜರ್ ಮೊದಲು ಒಂದೇ ಸಮನೆ ಕರೆಂಟ್ ಕೊಡುತ್ತದೆ. 4.2 ಮುಟ್ಟುತ್ತಿದ್ದಂತೆ ವೋಲ್ಟೇಜನ್ನು ಅಲ್ಲೇ ಹಿಡಿದು, ಕರೆಂಟನ್ನು ಇಳಿಸುತ್ತಾ ಬಂದು ನಿಲ್ಲಿಸುತ್ತದೆ. ಕೊಡದ ಕಂಠದವರೆಗೆ ನೀರು ಬಂದಾಗ ನಾವು ನಲ್ಲಿ ಸಣ್ಣ ಮಾಡುವುದಿಲ್ಲವೇ, ಹಾಗೆ.

ಚಾರ್ಜರ್ ನಿಲ್ಲಿಸದಿದ್ದರೆ ಲಿಥಿಯಂ ಲೋಹವಾಗಿ ಋಣ ಪದರದ ಮೇಲೆ ಕೂರತೊಡಗುತ್ತದೆ, ಸೆಲ್ ಬಿಸಿಯೇರುತ್ತದೆ. ನಡುವಿನ ಹಾಳೆ ಸುಮಾರು 130 ಡಿಗ್ರಿ ಸೆಲ್ಸಿಯಸ್‌ ಹೊತ್ತಿಗೆ ಕರಗುತ್ತದೆ, ಎರಡು ಪದರಗಳೂ ತಾಗುತ್ತವೆ. ಆಮೇಲೆ ಪ್ಲಗ್ ಕಿತ್ತರೂ ಪ್ರಯೋಜನವಿಲ್ಲ. ಬಿಸಿಯೇ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ, ಧನ ಪದರದಿಂದ ಆಮ್ಲಜನಕವೂ ಹೊರಬರುತ್ತದೆ. ಪೆನ್ನಿನ ಆಕಾರದ ಇ-ಸಿಗರೇಟಿನಲ್ಲಿ ಇನ್ನೊಂದು ಅಪಾಯವಿದೆ. ಉದ್ದನೆಯ ಗಟ್ಟಿ ಕೊಳವೆಯೊಳಗೆ ಒತ್ತಡ ತುಂಬಿದಾಗ ಅದು ದುರ್ಬಲವಾದ ತುದಿಯಿಂದಲೇ ನುಗ್ಗಬೇಕು. ಹಾಗಾಗಿ ಬಾಣದಂತೆ ಚಿಮ್ಮಿ ಹಾಸಿಗೆಗೋ ಪರದೆಗೋ ಬೆಂಕಿ ಹಚ್ಚಿದ ಉದಾಹರಣೆಗಳಿವೆ.

ಹಂತ 1: ಕಾವಲುಗಾರ ಎಲ್ಲಿದ್ದಾನೆ ಎಂದು ತಿಳಿಯಿರಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನೇ ಇಡಿ. 4.2 ವೋಲ್ಟಿಗೆ ಚಾರ್ಜ್ ನಿಲ್ಲಿಸುವ ಸರ್ಕ್ಯೂಟೇ ಈ ಕಾವಲುಗಾರ. ಅದು ಕೆಲವು ಸಾಧನಗಳಲ್ಲಿ ಒಳಗೇ ಇರುತ್ತದೆ, ಕೆಲವಕ್ಕೆ ಚಾರ್ಜರಿನಲ್ಲಿ ಇರುತ್ತದೆ.

ಯುಎಸ್‌ಬಿ ಕೇಬಲ್ ನೇರವಾಗಿ ಚುಚ್ಚುವಂಥ ಸಾಧನವಾದರೆ ಸರ್ಕ್ಯೂಟು ಒಳಗಿದೆ. ಹೊರಗಿನ ಅಡಾಪ್ಟರ್ 5 ವೋಲ್ಟ್ ಒದಗಿಸಿದರೆ ಸಾಕು. ಪೆನ್ ಮಾದರಿಯಲ್ಲಿ ಬ್ಯಾಟರಿಯ ತಲೆಯನ್ನು ಒಂದು ಪುಟ್ಟ ಚಾರ್ಜರಿಗೆ ತಿರುಗಿಸಿ ಕೂರಿಸುತ್ತೀರಲ್ಲ, ಅಲ್ಲಿ ಸಾಮಾನ್ಯವಾಗಿ ಸರ್ಕ್ಯೂಟು ಇರುವುದು ಆ ಪುಟ್ಟ ತುಂಡಿನಲ್ಲಿ. ಎಡವಟ್ಟಾಗುವುದು ಇಲ್ಲೇ. ಬಹಳಷ್ಟು ಕಂಪನಿಗಳ ತಿರುಪು ಒಂದೇ ಅಳತೆಯದು, 510 ಎಂದು ಕರೆಯುವ ಗಾತ್ರ. ಹಾಗಾಗಿ ಒಂದರ ಚಾರ್ಜರ್ ಇನ್ನೊಂದರ ಬ್ಯಾಟರಿಗೂ ಕೂರುತ್ತದೆ. ಆದರೆ ಕೆಲವು ತುಂಡುಗಳೊಳಗೆ ಸರ್ಕ್ಯೂಟೇ ಇರುವುದಿಲ್ಲ, 5 ವೋಲ್ಟನ್ನು ಇದ್ದ ಹಾಗೇ ದಾಟಿಸುತ್ತವೆ. ಕಾವಲು ಒಳಗಿರುವ ಬ್ಯಾಟರಿಗೆಂದು ಮಾಡಿದವು ಅವು. ಕಾವಲಿಲ್ಲದ ಬ್ಯಾಟರಿಗೆ ಕಾವಲಿಲ್ಲದ ಚಾರ್ಜರ್ ಕೂರಿಸಿದರೆ ನಿಲ್ಲಿಸುವವರೇ ಇರುವುದಿಲ್ಲ. ತಿರುಪು ಕೂತಿತು ಎಂದ ಮಾತ್ರಕ್ಕೆ ಜೋಡಿ ಸರಿಯಾಯಿತು ಎಂದಲ್ಲ. ಜೊತೆಗೆ ಬಂದ ಚಾರ್ಜರನ್ನೇ ಬಳಸಿ. ಮನೆಯಲ್ಲಿ ಎರಡು ಮೂರು ಇದ್ದರೆ ಬ್ಯಾಟರಿಗೂ ಅದರ ಚಾರ್ಜರಿಗೂ ಒಂದೇ ಬಣ್ಣದ ಟೇಪ್ ಸುತ್ತಿ. ಚಾರ್ಜರ್ ಕಳೆದುಹೋದರೆ ಅದೇ ಕಂಪನಿಯ ಅದೇ ಮಾದರಿಯದನ್ನು ತನ್ನಿ.

ಬಳಸಿ ಎಸೆಯಲೆಂದೇ ಮಾಡಿದ, ಚಾರ್ಜಿಂಗ್ ಕಿಂಡಿ ಇಲ್ಲದ ಸಾಧನವನ್ನು ಬಿಚ್ಚಿ ತಂತಿ ಹಚ್ಚಿ ಚಾರ್ಜ್ ಮಾಡುವ ಪ್ರಯತ್ನವನ್ನಂತೂ ಮಾಡಲೇಬೇಡಿ.

ಹಂತ 2: ಅಡಾಪ್ಟರ್ ನೋಡಿ

ಸಾಧನದ ಮೇಲೆ ಅಥವಾ ಅದರ ಕೈಪಿಡಿಯಲ್ಲಿ ‘5 ವೋಲ್ಟ್, 1 ಆಂಪಿಯರ್’ ಎಂಬಂಥ ಬರಹ ಇರುತ್ತದೆ. ಅಡಾಪ್ಟರಿನ ಬೆನ್ನಿನ ಸಣ್ಣ ಅಕ್ಷರಗಳೂ ಅದನ್ನೇ ಹೇಳಬೇಕು. ಫೋನಿನ ಫಾಸ್ಟ್ ಚಾರ್ಜರನ್ನು ಕೈಪಿಡಿ ಒಪ್ಪದ ಹೊರತು ಬಳಸದಿರುವುದು ಲೇಸು. ಪಿನ್ ಸಡಿಲಗೊಂಡ ಕೇಬಲ್, ಮೇಲ್ಪದರ ಸುಲಿದ ಕೇಬಲ್ ಎರಡನ್ನೂ ಬಿಸಾಡಿ.

ಹಂತ 3: ಬಿಡಿ ಸೆಲ್ ಇದ್ದರೆ ಕವಚ ಪರೀಕ್ಷಿಸಿ

ಕೆಲವು ಸಾಧನಗಳಲ್ಲಿ ಸೆಲ್ ಹೊರತೆಗೆದು ಬೇರೆ ಚಾರ್ಜರಿನಲ್ಲಿ ಇಡಬೇಕು. ಹೆಚ್ಚು ಬಳಕೆಯಲ್ಲಿರುವುದು 18650. ಈ ಸಂಖ್ಯೆ ಬೇರೇನಲ್ಲ, ಅಳತೆ: 18 ಮಿಲಿಮೀಟರ್ ಅಡ್ಡಗಲ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಉರುಳೆಯಾಕಾರದ ಗುರುತು. 21700 ಕೂಡ ಹಾಗೆಯೇ. ಟಾರ್ಚುಗಳಲ್ಲೂ ಇವೇ ಇರುವುದರಿಂದ ಮುಂದಿನ ಮಾತು ಟಾರ್ಚ್ ಇಟ್ಟುಕೊಂಡವರಿಗೂ ಅನ್ವಯ.

ಒಂದನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ಮಧ್ಯದ ಬೊಟ್ಟು ಧನ ತುದಿ. ಅದರ ಸುತ್ತ ಕಾಗದದ್ದೋ ಪ್ಲಾಸ್ಟಿಕ್ಕಿನದೋ ಸಣ್ಣ ಉಂಗುರ ಇರುತ್ತದೆ. ತಳ ಮಾತ್ರ ಋಣ ಎಂದು ಬಹಳ ಮಂದಿ ಭಾವಿಸುತ್ತಾರೆ. ಅಲ್ಲ, ಲೋಹದ ಇಡೀ ಡಬ್ಬಿಯೇ ಋಣ. ಮೇಲಂಚಿನಲ್ಲಿ ಅದು ಧನ ಬೊಟ್ಟಿನಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿರುತ್ತದೆ, ಅಷ್ಟೇ. ಇವೆರಡೂ ತಾಗದಂತೆ ಕಾಯುವುದು ಮೇಲೆ ಸುತ್ತಿದ ಬಣ್ಣದ ತೆಳು ಪ್ಲಾಸ್ಟಿಕ್ ಮತ್ತು ಆ ಉಂಗುರ. ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ಹರಿದಿದ್ದರೂ ಅದನ್ನು ಚಾರ್ಜರಿನಲ್ಲಿ ಇಡಬೇಡಿ. ಹೊಸ ಕವಚ ಸುತ್ತುವ ಪದ್ಧತಿ ಇದೆ, ಆದರೆ ಸೆಲ್ ನೆಗ್ಗಿದ್ದರೆ, ಉಬ್ಬಿದ್ದರೆ, ಸಿಹಿ ಮಿಶ್ರಿತ ರಾಸಾಯನಿಕದ ವಾಸನೆ ಬರುತ್ತಿದ್ದರೆ ಕವಚ ಬದಲಿಸಿ ಪ್ರಯೋಜನವಿಲ್ಲ. ಅದರ ಆಯಸ್ಸು ಮುಗಿದಿದೆ.

ನಕಲಿಗಳನ್ನು ಗುರುತಿಸಲು ಒಂದು ಸುಲಭ ದಾರಿ ಇದೆ. 18650 ಗಾತ್ರದ ಸೆಲ್ಲಿನ ಸಾಮರ್ಥ್ಯ ಸಾಮಾನ್ಯವಾಗಿ 2,000ದಿಂದ 3,600 ಮಿಲಿಆಂಪಿಯರ್ ಅವರ್‌ ಒಳಗೆ ಇರುತ್ತದೆ. ಲೇಬಲ್ಲಿನ ಮೇಲೆ 9,900 ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು. ಅಡುಗೆಮನೆಯ ತಕ್ಕಡಿಯಲ್ಲಿ ಇಡಿ. ಒಳ್ಳೆಯ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ಅದಕ್ಕಿಂತ ತೀರಾ ಹಗುರವಾಗಿದ್ದರೆ ನಂಬಬೇಡಿ. ಈ ಬಿಡಿ ಸೆಲ್ಲುಗಳು ಮೂಲತಃ ಬ್ಯಾಟರಿ ಪ್ಯಾಕುಗಳ ಒಳಭಾಗವಾಗಿ ತಯಾರಾದವು, ಗ್ರಾಹಕರಿಗೆ ಬಿಡಿಯಾಗಿ ಮಾರಲು ಅಲ್ಲ ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2021ರ ಜನವರಿಯಲ್ಲಿ ಎಚ್ಚರಿಸಿದೆ. ನನ್ನನ್ನು ಕೇಳಿದರೆ, ಹೊಸದಾಗಿ ಕೊಳ್ಳುವವರಿಗೆ ಸೆಲ್ ಒಳಗೇ ಇರುವ ಸಾಧನವೇ ಮೇಲು.

ಹಂತ 4: ಜಾಗ ಆರಿಸಿ

ಕಲ್ಲಿನ ಕಟ್ಟೆ, ಟೈಲ್ಸ್ ನೆಲ, ಪಿಂಗಾಣಿ ತಟ್ಟೆ, ಇಂಥದ್ದರ ಮೇಲೆ ಇಡಿ. ಹಾಸಿಗೆ, ಸೋಫಾ, ಪುಸ್ತಕದ ರಾಶಿ, ಪರದೆಯ ಬುಡ ಬೇಡ. ಬಟ್ಟೆ ಬಿಸಿಯನ್ನು ಹೊರಹೋಗಲು ಬಿಡುವುದಿಲ್ಲ, ಹೊತ್ತಿಕೊಳ್ಳಲೂ ಕಾದಿರುತ್ತದೆ. ಹೊರಬಾಗಿಲ ದಾರಿಯಲ್ಲೂ ಇಡಬಾರದು. ಬೆಂಕಿ ಎದ್ದರೆ ಓಡಿಹೋಗುವ ದಾರಿ ಅದೇ ತಾನೆ?

ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಚಾರ್ಜ್ ಮಾಡಬೇಡಿ. 45 ಡಿಗ್ರಿ ದಾಟಿದರೆ ಸೆಲ್ಲಿಗೆ ಕೇಡು. ಕೊರೆಯುವ ಚಳಿಯೂ ಅಷ್ಟೇ ಕೆಟ್ಟದ್ದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಆಗಲೇ ಹೇಳಿದಂತೆ ಲಿಥಿಯಂ ಲೋಹವಾಗಿ ಕೂರುತ್ತದೆ, ಆ ಹಾನಿ ಹೊರಗೆ ಕಾಣುವುದೂ ಇಲ್ಲ. ಹೊರಗಿನ ಚಳಿಯಿಂದ ತಂದ ಸಾಧನವನ್ನು ಮನೆಯ ಬೆಚ್ಚಗೆ ಬರುವ ತನಕ ಹಾಗೇ ಬಿಡಿ.

ಹಂತ 5: ಕೂರಿಸಿ, ಕರೆಂಟ್ ಹೊಂದಿಸಿ

ಚಾರ್ಜರಿನ ತೊಟ್ಟಿಲಲ್ಲಿ ಧನ, ಋಣ ಗುರುತುಗಳು ಇರುತ್ತವೆ. ಸೆಲ್ಲಿನ ಬೊಟ್ಟು ಧನದ ಕಡೆಗೇ ಬರಬೇಕು. ಪೆನ್ ಬ್ಯಾಟರಿಯನ್ನು ತಿರುಗಿಸುವಾಗ ಬೆರಳಿಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಬಿಗಿಯಾಗಲೆಂದು ಇನ್ನೊಂದು ಸುತ್ತು ಒತ್ತಿದರೆ ನಡುವಿನ ಪಿನ್ ಒಳಹೋಗಿ ಷಾರ್ಟ್ ಆಗಬಹುದು.

ಕರೆಂಟ್ ಆಯ್ಕೆ ಇರುವ ಚಾರ್ಜರಾದರೆ ಸೆಲ್ಲಿನ ಸಾಮರ್ಥ್ಯದ ಅರ್ಧ ಎಂಬ ಲೆಕ್ಕ ಇಟ್ಟುಕೊಳ್ಳಿ. 3,000 ಮಿಲಿಆಂಪಿಯರ್ ಅವರ್ ಸೆಲ್ಲಿಗೆ 1.5 ಆಂಪಿಯರ್ ತನಕ ಸರಿ, 1 ಆಂಪಿಯರ್ ಇನ್ನೂ ತಂಪು. 650ರ ಪುಟ್ಟ ಬ್ಯಾಟರಿಗೆ ಒಂದು ಆಂಪಿಯರಿನ ಮೂರನೇ ಒಂದು ಭಾಗ ಸಾಕು. ಅರ್ಜೆಂಟಿದೆ ಎಂದು 2 ಆಂಪಿಯರ್ ಒತ್ತಬೇಡಿ. ಎರಡು ಸೆಲ್ ಬೇಡುವ ಸಾಧನವಾದರೆ ಒಂದೇ ದಿನ ಕೊಂಡ ಒಂದೇ ಮಾದರಿಯ ಜೋಡಿಯನ್ನು ಕೊನೆತನಕ ಜೋಡಿಯಾಗಿಯೇ ಬಳಸಿ, ಒಟ್ಟಿಗೇ ಚಾರ್ಜ್ ಮಾಡಿ. ಹಳೆಯದರ ಜೊತೆ ಹೊಸದು ಹಾಕಿದರೆ ದುರ್ಬಲವಾದದ್ದು ಬೇಗ ಬಸವಳಿಯುತ್ತದೆ.

ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಸೆಲ್ 2 ವೋಲ್ಟಿಗಿಂತ ಕೆಳಗಿಳಿದಿದ್ದರೆ ಬದುಕಿಸಲು ಹೋಗಬೇಡಿ. ಅಷ್ಟು ಕೆಳಗೆ ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡಿದಾಗ ಬೇಡದ ಕಡೆ ಕೂತು ಒಳಗೊಳಗೇ ಷಾರ್ಟ್ ಮಾಡುತ್ತದೆ.

ಹಂತ 6: ಅಲ್ಲೇ ಇರಿ

ಮಲಗುವ ಮುನ್ನ ಹಾಕಿ ಬೆಳಿಗ್ಗೆ ತೆಗೆಯುವ ಅಭ್ಯಾಸವನ್ನು ಇವತ್ತೇ ಬಿಡಿ. ಸಂಜೆ ಅಡುಗೆಯ ಹೊತ್ತಿಗೆ ಹಾಕಿದರೆ ಮಲಗುವಷ್ಟರಲ್ಲಿ ಆಗಿಹೋಗಿರುತ್ತದೆ. 1 ಆಂಪಿಯರಿನಲ್ಲಿ 3,000ದ ಸೆಲ್ಲಿಗೆ ಮೂರೂವರೆ ಗಂಟೆಯ ಆಸುಪಾಸು ಬೇಕು. ಹದಿನೈದು ನಿಮಿಷಕ್ಕೆ ಒಮ್ಮೆ, ಆಮೇಲೆ ಅರ್ಧ ಗಂಟೆಗೆ ಒಮ್ಮೆ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಬೆರಳು ತಾನಾಗಿ ಹಿಂದೆ ಸರಿಯುವಷ್ಟು ಬಿಸಿಯಾಗಿದ್ದರೆ ಗೋಡೆಯ ಸ್ವಿಚ್ ಆರಿಸಿ, ಆ ಜೋಡಿಯನ್ನು ಮತ್ತೆ ಬಳಸಬೇಡಿ. ದೀಪ ಹಸಿರಾದ ಕೂಡಲೇ ತೆಗೆಯಿರಿ.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದವರು ಹೊಸ ಚಾರ್ಜರನ್ನು ಮೊದಲ ಸಲವೇ ಪರೀಕ್ಷಿಸಬಹುದು. ಹಸಿರು ದೀಪ ಬಂದ ಮೇಲೆ ಸೆಲ್ ಹೊರತೆಗೆದು ಅಳೆಯಿರಿ. 4.15ರಿಂದ 4.2ರ ನಡುವೆ ಇದ್ದರೆ ಚಾರ್ಜರ್ ಒಳ್ಳೆಯದು. 4.25 ದಾಟಿದ್ದರೆ ಆ ಚಾರ್ಜರ್ ಮನೆಯಲ್ಲಿ ಇರಬಾರದು.

ಹೊತ್ತಿಕೊಂಡರೆ?

ಬುಸುಗುಟ್ಟುವ ಸದ್ದು ಬಂದರೆ, ಬಿಳಿ ಹೊಗೆ ಎದ್ದರೆ ಹತ್ತಿರ ಹೋಗಬೇಡಿ. ಮೇನ್ ಸ್ವಿಚ್ ಕೈಗೆ ಸಿಗುವಂತಿದ್ದರೆ ಆರಿಸಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು ಬಾಗಿಲು ಎಳೆದುಕೊಳ್ಳಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರುತ್ತದೆ. ಸುತ್ತಮುತ್ತಲಿಗೆ ಸಣ್ಣಗೆ ಹತ್ತಿದೆ, ಕರೆಂಟ್ ಕಡಿದಾಗಿದೆ ಎಂದಾದರೆ ಮಾತ್ರ ದೂರದಿಂದ ಧಾರಾಳವಾಗಿ ನೀರು ಹಾಕಬಹುದು. ನೀರು ಸೆಲ್ಲನ್ನು ತಣಿಸುತ್ತದೆ. ಬೆಂಕಿ ಆರಿದ ಸೆಲ್ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು, ಮುಟ್ಟಬೇಡಿ. ಮೈ ಸುಟ್ಟಿದ್ದರೆ ವೈದ್ಯರಿಗೆ ಲಿಥಿಯಂ ಬ್ಯಾಟರಿಯಿಂದ ಎಂದು ತಪ್ಪದೆ ಹೇಳಿ. ಅದರಲ್ಲಿ ಬೆಂಕಿಯ ಸುಟ್ಟಗಾಯದ ಜೊತೆ ರಾಸಾಯನಿಕದ ಗಾಯವೂ ಸೇರಿರಬಹುದು.

ಜೇಬು, ಪ್ರಯಾಣ, ವಿಲೇವಾರಿ

ಬಿಡಿ ಸೆಲ್ಲನ್ನು ಕೀಲಿಕೈ, ನಾಣ್ಯಗಳ ಜೊತೆ ಜೇಬಿನಲ್ಲಿ ಹಾಕಬಾರದು. ನಾಣ್ಯ ಎರಡು ತುದಿಗಳಿಗೆ ಸೇತುವೆಯಾದರೆ ಕ್ಷಣದಲ್ಲಿ ತೊಡೆ ಸುಡುತ್ತದೆ. ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅದರಲ್ಲಿಡಿ. ವಿಮಾನದಲ್ಲಿ ಇ-ಸಿಗರೇಟೂ ಬಿಡಿ ಸೆಲ್ಲೂ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ, ಒಳಗೆ ಚಾರ್ಜ್ ಮಾಡುವಂತಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರಲ್ಲೇ ಈ ನಿಯಮ ತಂದಿದೆ. ಹೋಗುವ ದೇಶದಲ್ಲಿ ಇ-ಸಿಗರೇಟಿಗೆ ನಿಷೇಧ ಇದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಹಾಳಾದ ಸೆಲ್ಲನ್ನು ಮನೆಯ ಕಸದ ಬುಟ್ಟಿಗೆ ಎಸೆದರೆ ಅದು ಕಸದ ಲಾರಿಯಲ್ಲಿ ಜಜ್ಜಿಹೋಗಿ ಅಲ್ಲಿ ದುಡಿಯುವವರ ಕೈ ಸುಡುತ್ತದೆ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ‘ಹಾಳಾಗಿದೆ’ ಎಂದು ಬರೆದು, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಕೊಡುವ ದಿನದವರೆಗೆ ಮಕ್ಕಳ ಕೈಗೆಟುಕದ ಜಾಗದಲ್ಲಿ, ಮಣ್ಣಿನ ಕುಂಡದಲ್ಲೋ ಲೋಹದ ಡಬ್ಬಿಯಲ್ಲೋ ಇಟ್ಟಿರಿ. ಲೋಹದ ಡಬ್ಬಿಯಾದರೆ ಟೇಪ್ ಅಂಟಿಸದೆ ಹಾಕಬೇಡಿ, ಮುಚ್ಚಳ ಬಿಗಿಯಬೇಡಿ.